ದಂಡ ಕಂಪನಿಗಂತೆ, ಹುಡುಗನಿಗೆ ಎಂತದೂ ಇಲ್ಲವಂತೆ

ಕಳೆದ ವಾರ ಪಕ್ಕದ ಮನೆ ಅಕ್ಕ ಮಗನನ್ನು ಕರೆದುಕೊಂಡು ಬಂದಿದ್ದರು. ಹುಡುಗ ಎಸ್ಸೆಸ್ಸೆಲ್ಸಿ ಫೇಲು, ಒಂದೂವರೆ ವರ್ಷ ಎಸಿ ರಿಪೇರಿ ಕಲಿತಿದ್ದಾನೆ, ಈಗ ದುಬೈಗೆ ಹೊರಟಿದ್ದಾನೆ. ವಿಸಿಟ್ ವೀಸಾದಲ್ಲಿ. ಅಲ್ಲಿ ಹೋಗಿ ಕೆಲಸ ಹುಡುಕಿಕೊಂಡು ಆಮೇಲೆ ವೀಸಾ ಚೇಂಜ್ ಮಾಡಿಕೊಳ್ಳುವುದು ಅಂತ ಏಜೆಂಟ್ ಹೇಳಿದ್ದಾನೆ. "ಪೇಪರ್ ಇಲ್ಲದೆ ಕೆಲಸ ಮಾಡಿದ್ರೂ ಈಗ ದಂಡ ಎಲ್ಲ ಕಂಪನಿಗಂತೆ, ಹುಡುಗನಿಗೆ ಎಂತದೂ ಇಲ್ಲವಂತೆ, ಹೌದಾ ಮಾರಾಯ?" ಅಂತ ಅಕ್ಕ ಕೇಳಿದರು.

ಅವತ್ತು ಅರ್ಧಂಬರ್ಧ ಉತ್ತರ ಕೊಟ್ಟೆ. ಸರಿಯಾದ ಉತ್ತರ ಹೇಳಬೇಕಾದರೆ ನನ್ನದೇ ಒಂದು ಹಳೇ ಕತೆ ಹೇಳಬೇಕು, ಅದನ್ನು ಹೇಳಲು ನಾಚಿಕೆ. ಇವತ್ತು ಬರೆಯುತ್ತಿದ್ದೇನೆ.

ಮೊದಲು ಏಜೆಂಟ್ ಹೇಳಿದ್ದರಲ್ಲಿ ನಿಜ ಎಷ್ಟು ಅಂತ ನೋಡೋಣ. ದುಬೈ, ಶಾರ್ಜಾ ಎಲ್ಲ ಇರುವ ಯುಎಇ ದೇಶದಲ್ಲಿ 2024ರಲ್ಲಿ ಕಾರ್ಮಿಕ ಕಾನೂನಿಗೆ ತಿದ್ದುಪಡಿ ಬಂತು. ವರ್ಕ್ ಪರ್ಮಿಟ್ ಇಲ್ಲದವನನ್ನು ಕೆಲಸಕ್ಕೆ ಇಟ್ಟುಕೊಂಡರೆ ಮೊದಲು 50 ಸಾವಿರದಿಂದ 2 ಲಕ್ಷ ದಿರ್ಹಂ ದಂಡ ಇತ್ತು. ಈಗ 1 ಲಕ್ಷದಿಂದ ಶುರುವಾಗಿ 10 ಲಕ್ಷ ದಿರ್ಹಂವರೆಗೆ. ನಮ್ಮ ರೂಪಾಯಿಯಲ್ಲಿ ಲೆಕ್ಕ ಹಾಕಿದರೆ ಕಡಿಮೆ ಅಂದರೂ 20 ಲಕ್ಷದ ಮೇಲೆ, ಜಾಸ್ತಿ ಅಂದರೆ ಎರಡು ಕೋಟಿ ದಾಟುತ್ತದೆ. ಜನರನ್ನು ಕರೆಸಿಕೊಂಡು ಕೆಲಸ ಕೊಡದೆ ಬೀದಿಗೆ ಬಿಟ್ಟರೂ ಅದೇ ದಂಡ. ಬಾಕಿ ಸಂಬಳ ಕೊಡದೆ ಕಂಪನಿ ಮುಚ್ಚಿದರೂ ಅದೇ. ಒಳ್ಳೆಯ ಕಾನೂನೇ, ನಾನು ಬೇಡ ಅನ್ನುವುದಿಲ್ಲ. ಆದರೆ "ಹುಡುಗನಿಗೆ ಎಂತದೂ ಇಲ್ಲ" ಅನ್ನುವುದು ಶುದ್ಧ ಸುಳ್ಳು. ಸಿಕ್ಕಿಬಿದ್ದರೆ ಅವನಿಗೆ ಜೈಲೂ ಉಂಟು, ಗಡೀಪಾರೂ ಉಂಟು, ಮತ್ತೆ ಆ ದೇಶಕ್ಕೆ ಹೋಗದಂತೆ ಬ್ಯಾನೂ ಉಂಟು. ವೀಸಾ ಅವಧಿ ಮುಗಿದ ಮೇಲೆ ದಿನಕ್ಕೆ 50 ದಿರ್ಹಂ ಓವರ್‌ಸ್ಟೇ ದಂಡ ಬೇರೆ ಏರುತ್ತಾ ಹೋಗುತ್ತದೆ.

ಈಗ ನನ್ನ ಕತೆ. ನಾನು 2004ರಿಂದ ಏಳು ವರ್ಷ ಶಾರ್ಜಾದಲ್ಲಿ ಒಂದು ಸಣ್ಣ ಮೇಂಟೆನೆನ್ಸ್ ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಿದ್ದೆ. ಪೇಂಟಿಂಗ್, ಪ್ಲಂಬಿಂಗ್, ಟೈಲ್ಸ್ ಕೆಲಸ. ಪೇಪರಿನಲ್ಲಿದ್ದವರು ಹದಿನಾಲ್ಕು ಜನ, ಕೆಲಸ ಮಾಡುತ್ತಿದ್ದವರು ಇಪ್ಪತ್ತೆರಡು. ಉಳಿದ ಎಂಟು ಜನ "ಖಲ್ಲಿವಲ್ಲಿ". ಗಲ್ಫ್‌ನಲ್ಲಿದ್ದು ಬಂದವರಿಗೆ ಈ ಪದ ಹೇಳಿಕೊಡುವುದು ಬೇಡ. ಗೊತ್ತಿಲ್ಲದವರಿಗೆ ಹೇಳುವುದಾದರೆ, ವೀಸಾ ಒಬ್ಬರದ್ದು ಕೆಲಸ ಇನ್ನೊಬ್ಬರಲ್ಲಿ, ಅಥವಾ ವೀಸಾವೇ ಇಲ್ಲ, ಅಂಥವರು. ಅರಬಿಯಲ್ಲಿ "ಹೋಗಲಿ ಬಿಡು" ಅಂತ ಅರ್ಥ. ನಮ್ಮವರು ಅದನ್ನೇ ಮನುಷ್ಯರಿಗೆ ಹೆಸರಿಟ್ಟರು.

ಅವರ ಸಂಬಳ ಎಲ್ಲಿ ಬರೆಯುವುದು? ಸಂಬಳದ ಪಟ್ಟಿಯಲ್ಲಿ ಹಾಕುವಂತಿಲ್ಲ. ಹಾಗಾಗಿ ಪೆಟ್ಟಿ ಕ್ಯಾಶ್ ಪುಸ್ತಕದಲ್ಲಿ ಮೆಟೀರಿಯಲ್ ಅಂತ ಬರೆಯುತ್ತಿದ್ದೆ. ಒಬ್ಬ ಟೈಲ್ಸಿನವನು ಸಿಮೆಂಟ್, ಇನ್ನೊಬ್ಬ ವೈಟ್ ಸಿಮೆಂಟ್, ಇಬ್ಬರು ಹೆಲ್ಪರುಗಳು ಬಾಡಿಗೆ ಪಿಕಪ್. ಪೇಂಟರ್ ಒಬ್ಬರಿದ್ದರು, ಅವರು ಮರಳು. ತಿಂಗಳ ಕೊನೆಗೆ "ಮರಳು 1,200" ಅಂತ ನನ್ನ ಕೈಯಾರೆ ಬರೆದು, ಅದೇ 1,200 ದಿರ್ಹಂ ಕವರಿನಲ್ಲಿ ಹಾಕಿ ಅವರ ಕೈಗೆ ಕೊಡುತ್ತಿದ್ದೆ. ನನಗಿಂತ ಹತ್ತು ವರ್ಷ ದೊಡ್ಡವರು, ಬೈಂದೂರು ಕಡೆಯವರು. ಹೆಸರು ಬೇಡ, ಎಲ್ಲರೂ ಪೇಂಟರಣ್ಣ ಅಂತಲೇ ಕರೆಯುತ್ತಿದ್ದದ್ದು.

ಅವರ ಹತ್ತಿರ ಯಾವಾಗಲೂ ಒಂದು ಪ್ಲಾಸ್ಟಿಕ್ ತೊಟ್ಟೆ ಇರುತ್ತಿತ್ತು. ಅದರೊಳಗೆ ಇಸ್ತ್ರಿ ಮಾಡಿದ ಒಂದು ಶರ್ಟು, ಒಂದು ಜೊತೆ ಒಳ್ಳೆ ಚಪ್ಪಲಿ. ಚೆಕಿಂಗ್‌ನವರು ಬರುವ ಸುದ್ದಿ ಸಿಕ್ಕಿದರೆ ಸೂಪರ್‌ವೈಸರ್ ಎಲ್ಲರಿಗೂ ಮಿಸ್ಡ್ ಕಾಲ್ ಕೊಡುತ್ತಿದ್ದ. ಎರಡು ಸಲ ರಿಂಗ್ ಆದರೆ "ಮಳೆ ಬಂತು" ಅಂತ ಅರ್ಥ. ಪೇಂಟರಣ್ಣ ಬಣ್ಣ ಹತ್ತಿದ ಶೂ ಕಳಚಿ ಡ್ರಮ್ಮಿನ ಹಿಂದೆ ಬಿಸಾಡಿ, ಶರ್ಟು ಬದಲಿಸಿ, ಚಪ್ಪಲಿ ಹಾಕಿಕೊಂಡು ಎದುರಿನ ಕೆಫೆಟೇರಿಯಾದಲ್ಲಿ ಸುಲೈಮಾನಿ ಕುಡಿಯುತ್ತಾ ಕೂರುತ್ತಿದ್ದರು, ಯಾರೋ ಸುಮ್ನೆ ಟೈಮ್‌ಪಾಸ್ ಮಾಡಲು ಬಂದವರ ಹಾಗೆ. ಎಲ್ಲ ಬದಲಾಯಿಸಬಹುದು, ಉಗುರಿನ ಸಂದಿಯ ಬಣ್ಣ ಮಾತ್ರ ಹೋಗುವುದಿಲ್ಲ. ಹಾಗಾಗಿ ಕೈ ಎರಡನ್ನೂ ಮೇಜಿನ ಕೆಳಗೆ ಇಟ್ಟುಕೊಂಡಿರುತ್ತಿದ್ದರು. ಟೀ ತಣ್ಣಗಾಗುತ್ತಿತ್ತು.

ಇಲ್ಲಿ ಯಾರಾದರೂ ಹೇಳಿಯೇ ಹೇಳುತ್ತೀರಿ, "ಕಳ್ಳ ದಾರಿಯಲ್ಲಿ ಗೊತ್ತಿದ್ದೇ ಹೋದದ್ದಲ್ವಾ, ಅನುಭವಿಸಲಿ" ಅಂತ. ಅವರು ಕಳ್ಳ ದಾರಿಯಲ್ಲಿ ಬಂದವರಲ್ಲ. ಸರಿಯಾದ ವೀಸಾದಲ್ಲಿ ಬೇರೊಂದು ಕಂಪನಿಗೆ ಬಂದವರು. ಆ ಕಂಪನಿ ನಾಲ್ಕು ತಿಂಗಳು ಸಂಬಳ ಕೊಡಲಿಲ್ಲ. ಕೇಳಿ ಕೇಳಿ ಸಾಕಾಗಿ ಹೊರಗೆ ಕೆಲಸಕ್ಕೆ ಹೋದರು. ಕಂಪನಿಯವರು ಆಬ್ಸ್‌ಕಾಂಡಿಂಗ್ ಅಂತ ಕಂಪ್ಲೇಂಟ್ ಹಾಕಿದರು, ಅಂದರೆ ಆಳು ಓಡಿಹೋಗಿದ್ದಾನೆ ಅಂತ. ಪಾಸ್‌ಪೋರ್ಟ್ ಕಂಪನಿಯ ಕಪಾಟಿನಲ್ಲೇ ಉಳಿಯಿತು. ಕಾರ್ಮಿಕರ ಪಾಸ್‌ಪೋರ್ಟ್ ಹಿಡಿದಿಟ್ಟುಕೊಳ್ಳುವುದು ಅಲ್ಲಿಯ ಕಾನೂನಿಗೂ ವಿರುದ್ಧವೇ, ಆದರೆ ನಾನಿದ್ದ ಕಾಲಕ್ಕೆ ಹಿಡಿದಿಟ್ಟುಕೊಳ್ಳದ ಕಂಪನಿಯನ್ನು ನಾನಂತೂ ಕಂಡಿಲ್ಲ. ಹೀಗೆ ಸಂಬಳ ಕೊಡದವನು ಕಾನೂನಿನ ಒಳಗೇ ಉಳಿದ, ಸಂಬಳ ಸಿಗದವರು ಹೊರಗೆ ಬಿದ್ದರು.

2007ರಲ್ಲಿ ಅಮ್ನೆಸ್ಟಿ ಬಂತು, ಅಂದರೆ ಪೇಪರ್ ಇಲ್ಲದವರಿಗೆ ಸರ್ಕಾರದ ಕ್ಷಮಾದಾನ. ಜೂನ್‌ನಲ್ಲಿ ಶುರುವಾಗಿ ನವೆಂಬರ್‌ವರೆಗೆ ಎಳೆಯಿತು. ದಂಡ ಕಟ್ಟದೆ ಔಟ್ ಪಾಸ್, ಅಂದರೆ ದೇಶ ಬಿಡಲು ಕೊಡುವ ಚೀಟಿ, ತಗೊಂಡು ಊರಿಗೆ ಹೋಗಬಹುದಿತ್ತು, ಲಕ್ಷಗಟ್ಟಲೆ ಜನ ಹೋದರು. ಪೇಂಟರಣ್ಣನೂ ಹೊರಟಿದ್ದರು. ನಮ್ಮ ಅರ್ಬಾಬ್, ಅಂದರೆ ಯಜಮಾನ, ಇಂಡಿಯದವನೇ. ಲೈಸೆನ್ಸ್ ಮಾತ್ರ ಒಬ್ಬ ಲೋಕಲ್, ಅಂದರೆ ಆ ದೇಶದವನ ಹೆಸರಿನಲ್ಲಿತ್ತು, ಅವನಿಗೆ ವರ್ಷಕ್ಕಿಷ್ಟು ಅಂತ ದುಡ್ಡು ಕೊಡುವುದು. ಯಜಮಾನ ಪೇಂಟರಣ್ಣನನ್ನು ಕೂರಿಸಿಕೊಂಡು, "ಈಗ ಹೋಗಬೇಡಿ, ಕೆಲಸ ಅರ್ಧಕ್ಕೆ ನಿಂತಿದೆ, ಮುಗಿದ ಕೂಡಲೇ ನಾನೇ ವೀಸಾ ಹಾಕಿಕೊಡ್ತೇನೆ" ಅಂದ. ಊರಲ್ಲಿ ಪೇಂಟರಣ್ಣನ ಮನೆ ಲಿಂಟಲ್ ಮಟ್ಟಕ್ಕೆ ಬಂದು ನಿಂತಿತ್ತು. ಅವರು ಉಳಿದರು.

ಅಮ್ನೆಸ್ಟಿ ಮುಗಿದ ಮೇಲೆ ಚೆಕಿಂಗ್ ಜೋರಾಯಿತು. ಪೇಪರ್ ಇಲ್ಲದವನನ್ನು ಇಟ್ಟುಕೊಂಡರೆ 50 ಸಾವಿರ ದಿರ್ಹಂ ಅಂತ ಎಲ್ಲರ ಬಾಯಲ್ಲೂ ಅದೇ. ನನ್ನ ಬರಹದ ಮುಖ್ಯ ವಿಷಯ ಇಲ್ಲೇ ಇರುವುದು. ದಂಡದ ಹೆದರಿಕೆ ಹುಟ್ಟಿದ ಮೇಲೆ ನಮ್ಮ ಯಜಮಾನ ಮಾಡಿದ್ದೇನು? ವೀಸಾ ಹಾಕಿದನಾ? ಇಲ್ಲ. ಎಂಟು ಜನರ ಸಂಬಳವನ್ನು ಎರಡು ತಿಂಗಳು ಹಿಂದೆ ಹಿಡಿಯಲು ಹೇಳಿದ. "ಬಾಕಿ ನಮ್ಮ ಹತ್ರ ಇದ್ದರೆ ಯಾರೂ ನಮ್ಮ ಹೆಸರು ಹೇಳಲ್ಲ" ಅಂದ. ನನಗೆ ಹೇಳಿದ, ನಾನು ಹಿಡಿದೆ.

ಜನವರಿಯಲ್ಲಿ ಶಾರ್ಜಾದ ರೋಲಾ ಹತ್ತಿರದ ಒಂದು ಬಿಲ್ಡಿಂಗಿನಲ್ಲಿ ಮಿಸ್ಡ್ ಕಾಲ್ ಬರುವ ಮೊದಲೇ ಚೆಕಿಂಗ್‌ನವರು ಬಂದರು. ಪೇಂಟರಣ್ಣ ಏಣಿಯ ಮೇಲಿದ್ದರು. ಯಾರ ಕೆಲಸದವನು ಅಂತ ಕೇಳಿದರೆ, ಯಾರದೂ ಅಲ್ಲ, ಕೆಲಸ ಉಂಟಾ ಅಂತ ಕೇಳಲು ಇವತ್ತೇ ಬಂದವನು ಅಂದರಂತೆ. ಯಜಮಾನನೂ ಅದನ್ನೇ ಹೇಳಿದ. ಪುಸ್ತಕದಲ್ಲಿ ನೋಡಿದರೆ ಅಲ್ಲಿ ಪೇಂಟರ್ ಇಲ್ಲವೇ ಇಲ್ಲ, ಮರಳು ಮಾತ್ರ. ಕಂಪನಿಗೆ ಒಂದು ದಿರ್ಹಂ ದಂಡ ಬೀಳಲಿಲ್ಲ. ಅವರು ಕೆಲವು ವಾರ ಒಳಗಿದ್ದು ಊರಿಗೆ ಹೋದರು. 2,400 ದಿರ್ಹಂ ಇಲ್ಲೇ ಉಳಿಯಿತು. ಮಾರ್ಚ್‌ನಲ್ಲಿ ಲೆಕ್ಕ ಮುಗಿಸುವಾಗ ಆ ಸಾಲನ್ನು ನಾನು ಹೊಡೆದುಹಾಕಿದೆ.

ಆ ಪ್ಲಾಸ್ಟಿಕ್ ತೊಟ್ಟೆ ತುಂಬಾ ದಿನ ಸೈಟ್ ಆಫೀಸಿನ ಮೊಳೆಯಲ್ಲಿ ನೇತಾಡುತ್ತಿತ್ತು.

ಹಾಗಾಗಿ ಯಾರಾದರೂ "ದಂಡ ಇನ್ನೂ ಜಾಸ್ತಿ ಮಾಡಬೇಕು, ಆಗ ಬುದ್ಧಿ ಬರುತ್ತದೆ" ಅಂದರೆ ನನಗೆ ಆ ಪುಸ್ತಕ ನೆನಪಾಗುತ್ತದೆ. ದಂಡ ಜಾಸ್ತಿ ಆದಷ್ಟೂ ಆಳನ್ನು ಅಡಗಿಸಿಡಲು ಯಜಮಾನ ಜಾಸ್ತಿ ತಲೆ ಓಡಿಸುತ್ತಾನೆ. ಆಳಿನ ಬಾಯಿ ಮುಚ್ಚಿಸಲು ಆಳಿನ ಸಂಬಳವೇ ಯಜಮಾನನ ಕೈಯಲ್ಲಿರುತ್ತದೆ. ನಾನು ಇವನಲ್ಲಿ ಕೆಲಸ ಮಾಡಿದ್ದೆ ಅಂತ ಹೇಳಬಲ್ಲ ಒಬ್ಬನೇ ಸಾಕ್ಷಿಯನ್ನು ಮೊದಲ ಫ್ಲೈಟಿಗೆ ಹತ್ತಿಸಿ ಕಳಿಸಿಬಿಟ್ಟರೆ ಕೇಸ್ ಯಾರ ಮೇಲೆ ಹಾಕುತ್ತೀರಿ? 2024ರ ತಿದ್ದುಪಡಿಯಲ್ಲಿ ಕೆಲಸ ಬಿಟ್ಟ ಮೇಲೂ ಎರಡು ವರ್ಷದವರೆಗೆ ಬಾಕಿಗಾಗಿ ದೂರು ಕೊಡಬಹುದು ಅಂತ ಮಾಡಿದ್ದಾರೆ, ಮೊದಲು ಒಂದೇ ವರ್ಷ ಇತ್ತು. ಖುಷಿಯ ವಿಷಯ. ಆದರೆ ಬೈಂದೂರಿನಲ್ಲಿ ಕೂತ ಪೇಂಟರ್ ಯಾವ ಚೀಟಿ ತೋರಿಸಿ ದೂರು ಕೊಡುವುದು?

ನಾನು ಕೇಳುವುದು ಇಷ್ಟೇ. ಸಿಕ್ಕಿಬಿದ್ದವನನ್ನು ಕಳಿಸುವ ಮೊದಲು ಅವನಿಗೆ ಬರಬೇಕಾದ ದುಡ್ಡು ಎಷ್ಟು ಅಂತ ಕೇಳಿ, ಯಜಮಾನನಿಂದ ವಸೂಲು ಮಾಡಿ ಕೈಗೆ ಕೊಡಿ. ದಂಡ ಆಮೇಲೆ ತಗೊಳ್ಳಿ, ಎಷ್ಟು ಬೇಕಾದರೂ ತಗೊಳ್ಳಿ. ಯಜಮಾನನ ವಿರುದ್ಧ ಬಾಯಿ ಬಿಟ್ಟವನಿಗೆ ಬೇರೆ ಕೆಲಸ ಹುಡುಕಿಕೊಳ್ಳಲು ಮೂರು ತಿಂಗಳು ಸಮಯ ಕೊಡಿ. ಅಷ್ಟು ಮಾಡಿದರೆ ಪೇಂಟರಣ್ಣ ಏಣಿಯಿಂದ ಇಳಿದು ಸತ್ಯ ಹೇಳುತ್ತಿದ್ದರು, ನನಗೆ ಅನುಮಾನವೇ ಇಲ್ಲ.

ಇದು ಗಲ್ಫ್‌ನ ರೋಗ ಮಾತ್ರ ಅಂತಲೂ ಅಲ್ಲ. ಅಮೆರಿಕದಲ್ಲಿ 1986ರಲ್ಲೇ ರೇಗನ್ ಕಾಲದಲ್ಲಿ ಕಾನೂನು ಬಂತು, ಪೇಪರ್ ಇಲ್ಲದವರನ್ನು "ಗೊತ್ತಿದ್ದೂ" ಕೆಲಸಕ್ಕಿಟ್ಟರೆ ಯಜಮಾನನಿಗೆ ದಂಡ ಅಂತ. ಆ "ಗೊತ್ತಿದ್ದೂ" ಅನ್ನುವ ಒಂದು ಪದದಲ್ಲೇ ಎಲ್ಲರೂ ನುಸುಳಿಕೊಳ್ಳುವುದು. 2019ರ ಆಗಸ್ಟ್‌ನಲ್ಲಿ ಮಿಸಿಸಿಪ್ಪಿಯ ಕೋಳಿ ಫ್ಯಾಕ್ಟರಿಗಳ ಮೇಲೆ ರೇಡ್ ಆಗಿ ಒಂದೇ ದಿನ 680 ಕೆಲಸಗಾರರನ್ನು ಹಿಡಿದರು. ಮೇಲಿನವರ ಮೇಲೆ ಆರೋಪ ಬರಲು ಇನ್ನೊಂದು ವರ್ಷ ಬೇಕಾಯಿತು. ಬಂದದ್ದು ನಾಲ್ಕು ಜನರ ಮೇಲೆ, ಅವರೂ ಮ್ಯಾನೇಜರ್, ಸೂಪರ್‌ವೈಸರ್ ಮಟ್ಟದವರು.

ನಮ್ಮ ಕಡೆಯದ್ದೂ ಹೇಳಿಬಿಡುತ್ತೇನೆ. 2024ರ ಅಕ್ಟೋಬರ್‌ನಲ್ಲಿ ಮಂಗಳೂರು ಏರ್‌ಪೋರ್ಟಿನಲ್ಲಿ ನಕಲಿ ಪೇಪರ್ ಹಿಡಿದು ದುಬೈಗೆ ಹೊರಟ ಒಬ್ಬ ಬಾಂಗ್ಲಾದೇಶದವನು ಸಿಕ್ಕಿಬಿದ್ದ, ಅದರ ಜಾಡು ಹಿಡಿದು ಮಲ್ಪೆಯಲ್ಲಿ ಇದ್ದ ಉಳಿದವರನ್ನೂ ಹಿಡಿದರು. ನಮ್ಮ ಅಂಗಡಿ ಕಟ್ಟೆಯಲ್ಲಿ ವಾರಗಟ್ಟಲೆ ಅದೇ ಮಾತು. ಅವರು ಹೇಗೆ ಬಂದರು, ಆಧಾರ್ ಯಾರು ಮಾಡಿಕೊಟ್ಟರು, ಎಲ್ಲ ಮಾತಾಡಿದೆವು. ಅವರಿಗೆ ಇಲ್ಲಿ ಕೆಲಸ ಕೊಟ್ಟವರು ಯಾರು, ಸಂಬಳ ಎಷ್ಟು ಕೊಡುತ್ತಿದ್ದರು ಅಂತ ಒಬ್ಬರೂ ಕೇಳಲಿಲ್ಲ. ನಾನೂ ಕೇಳಲಿಲ್ಲ, ಮರಳಿನ ಲೆಕ್ಕ ಬರೆದವನು.

ಇನ್ನು ಏಜೆಂಟರ ವಿಷಯ. 1983ರ ನಮ್ಮ ಎಮಿಗ್ರೇಷನ್ ಆಕ್ಟ್‌ನಲ್ಲಿ ಲೈಸೆನ್ಸ್ ಇಲ್ಲದೆ ಜನರನ್ನು ಕಳಿಸುವವನಿಗೆ ಬರೆದಿಟ್ಟ ದಂಡ ಎಷ್ಟು ಗೊತ್ತಾ? ಎರಡು ವರ್ಷದವರೆಗೆ ಜೈಲು, ಮತ್ತೆ ಜಾಸ್ತಿ ಅಂದರೆ 2,000 ರೂಪಾಯಿ. ಎರಡು ಸಾವಿರ! ಅಲ್ಲಿ 10 ಲಕ್ಷ ದಿರ್ಹಂ, ಇಲ್ಲಿ ಇಬ್ಬರು ಗಡದ್ದಾಗಿ ಮೀನೂಟ ಮಾಡಿ ಬರುವ ದುಡ್ಡು. ಲೈಸೆನ್ಸ್ ಇದ್ದ ಏಜೆಂಟ್ ತಗೊಳ್ಳಬಹುದಾದ ಫೀಸು 30 ಸಾವಿರ ಮತ್ತು ಅದರ ಮೇಲೆ ಜಿಎಸ್‌ಟಿ, ಅಷ್ಟೇ, ಅದಕ್ಕೂ ರಸೀದಿ ಕೊಡಬೇಕು. ಹತ್ತನೇ ಪಾಸಾಗದವರ ಪಾಸ್‌ಪೋರ್ಟ್‌ನಲ್ಲಿ ಇಸಿಆರ್ ಅಂತ ಇರುತ್ತದೆ, ಅಂದರೆ ಕಳಿಸುವ ಮೊದಲು ಪರಿಶೀಲನೆ ಬೇಕು ಅಂತ. ಯುಎಇ, ಸೌದಿ ತರದ ದೇಶಕ್ಕೆ ಕೆಲಸಕ್ಕೆ ಹೋಗುವಾಗ ಸರ್ಕಾರದ ಕ್ಲಿಯರೆನ್ಸ್ ಬೇಕು. ಅದನ್ನು ತಪ್ಪಿಸಲಿಕ್ಕೇ ಈ ವಿಸಿಟ್ ವೀಸಾ ಆಟ. ಪ್ರವಾಸಕ್ಕೆ ಹೋಗುವವನಿಗೆ ಯಾರೂ ಸಂಬಳ ಎಷ್ಟು ಅಂತ ಕೇಳುವುದಿಲ್ಲವಲ್ಲ.

ಪೇಂಟರಣ್ಣನನ್ನು ನಾಲ್ಕು ವರ್ಷದ ಹಿಂದೆ ಕುಂದಾಪುರದ ಬಸ್‌ಸ್ಟ್ಯಾಂಡಿನಲ್ಲಿ ಕಂಡೆ. ಅವರೇ ಗುರುತು ಹಿಡಿದು ಮಾತಾಡಿಸಿದರು, ಟೀ ಕುಡಿಸಿದರು, ದುಡ್ಡು ಕೊಡಲು ಬಿಡಲಿಲ್ಲ. ಮನೆ ಆಗಿದೆಯಂತೆ, ಶೀಟಿನದ್ದು. ನಾನು 2,400ರ ಮಾತು ತೆಗೆಯಬೇಕು ಅಂತ ಬಾಯಿಯವರೆಗೆ ಬಂತು, ಅಷ್ಟರಲ್ಲಿ ಅವರ ಬಸ್ ಬಂತು. ಅಥವಾ ಬಸ್ ಬಂತು ಅಂತ ನಾನು ಸುಮ್ಮನಾದೆ.

ನಿನ್ನೆ ಸಂಜೆ ಅಕ್ಕ ಮತ್ತೆ ಬಂದಿದ್ದರು. ಹುಡುಗನೂ ಇದ್ದ. ಲೈಸೆನ್ಸ್ ಇದ್ದ ಏಜೆಂಟರ ಪಟ್ಟಿ ಇರುವ ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟ್ ತೆಗೆದು ಏಜೆಂಟನ ಹೆಸರು ಹುಡುಕಿದೆವು, ಸ್ಪೆಲ್ಲಿಂಗ್ ಬದಲಿಸಿ ಬದಲಿಸಿ ಮೂರು ಸಲ. ಇರಲಿಲ್ಲ. ಈಗಾಗಲೇ 60 ಸಾವಿರ ಕೊಟ್ಟಾಗಿದೆ, ರಸೀದಿ ಇಲ್ಲ, ಅಕ್ಕನ ಬಳೆ ಸೊಸೈಟಿಯಲ್ಲಿದೆ. ದೂರು ಕೊಡುವುದು ಅಂದೆ. "ಮಾವ, ನೀವೂ ಒಟ್ಟಿಗೆ ಬರ್ತೀರಾ?" ಅಂತ ಹುಡುಗ ಕೇಳಿದ. ಸೋಮವಾರ ಬೆಳಿಗ್ಗೆ ಹೋಗುವುದು ಅಂತ ಆಗಿದೆ. ಕೊಟ್ಟ ತಾರೀಕು, ಎಷ್ಟು, ಯಾರ ಎದುರು ಕೊಟ್ಟದ್ದು, ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಈ ಸಲ ಹುಡುಗನ ಹೆಸರಿನಲ್ಲೇ.