ಕೋಳಿ ಗೂಡಿನ ಗಾಳಿಕಿಂಡಿ ಮುಚ್ಚಬೇಡಿ: ಒಂದು ಸ್ಪಷ್ಟನೆ

‘ಚಳಿಗಾಲದಲ್ಲಿ ಕೋಳಿ ಗೂಡನ್ನು ನಾಲ್ಕೂ ಕಡೆ ಪ್ಲಾಸ್ಟಿಕ್ ಹಾಳೆಯಿಂದ ಬಿಗಿಯಾಗಿ ಮುಚ್ಚಿ, ಕೋಳಿಗಳು ಬೆಚ್ಚಗಿರುತ್ತವೆ’ ಎಂಬ ಮೆಸೇಜ್ ಓಡಾಡುತ್ತಿದೆ. ಮೊದಲ ಸಲ ಗೂಡು ಕಟ್ಟಿದಾಗ ನಾನೂ ಇದನ್ನು ನಂಬಿ ಇಬ್ಬರಿಗೆ ಕಳಿಸಿದ್ದೆ. ಅದು ತಪ್ಪು.

ಕೋಳಿಗೆ ಪುಕ್ಕವೇ ಹೊದಿಕೆ. ಅದರ ಮೈ ಬಿಸಿ ಸುಮಾರು 41 ಡಿಗ್ರಿ ಸೆಲ್ಸಿಯಸ್. ಆರೋಗ್ಯವಾಗಿರುವ ದೊಡ್ಡ ಕೋಳಿ ಚಳಿ ತಡೆದುಕೊಳ್ಳುತ್ತದೆ. ಅದಕ್ಕೆ ಜಾಸ್ತಿ ತೊಂದರೆ ಕೊಡುವುದು ತೇವ ಮತ್ತು ಹಿಕ್ಕೆಯಿಂದ ಏಳುವ ಅಮೋನಿಯಾ. ಗೂಡು ಮುಚ್ಚಿದರೆ ಎರಡೂ ಒಳಗೇ ಉಳಿಯುತ್ತವೆ. ಹಾಗೆ ಮುಚ್ಚಿದ್ದಾಗ ನಮ್ಮ ಗೂಡಿನ ಬಾಗಿಲನ್ನು ಬೆಳಗ್ಗೆ ತೆಗೆದರೆ ಕಣ್ಣು ಉರಿಯುತ್ತಿತ್ತು. ಚಾವಣಿ ತಗಡಿನ ಒಳಬದಿಯಲ್ಲಿ ನೀರಿನ ಹನಿಗಳು ಸಾಲುಗಟ್ಟಿರುತ್ತಿದ್ದವು. ಆ ಗಾಳಿಯನ್ನೇ ಕೋಳಿಗಳು ರಾತ್ರಿಯಿಡೀ ಉಸಿರಾಡಬೇಕು, ಅಲ್ವಾ? ಅಮೋನಿಯಾ ಅವುಗಳ ಕಣ್ಣು, ಶ್ವಾಸನಾಳ ಎರಡಕ್ಕೂ ಕೆಟ್ಟದ್ದು.

ಕೋಳಿ ಕೂರುವ ಅಡ್ಡಗೋಲಿಗಿಂತ ಮೇಲೆ, ಚಾವಣಿಯ ಹತ್ತಿರ ಗಾಳಿಕಿಂಡಿ ಬಿಡಿ. ಅದಕ್ಕೆ ಅರ್ಧ ಇಂಚು ಕಣ್ಣಿನ ಗಟ್ಟಿ ಜಾಲರಿ ಹೊಡೆಯಿರಿ. ಕೂರುವ ಎತ್ತರದಲ್ಲಿ ಗಾಳಿ ನೇರವಾಗಿ ಬೀಸದಿದ್ದರೆ ಸಾಕು. ಪುಕ್ಕ ಬಾರದ ಮರಿಗಳಿಗೆ ಬಿಸಿ ಬೇಕು, ಅದು ಬೇರೆ ವಿಷಯ.

ದಯವಿಟ್ಟು ಆ ಮೆಸೇಜ್ ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಅವರಿಗೆ ಇದನ್ನೂ ತಿಳಿಸಿ.