ರದ್ದು ಗುಂಡಿಯ ಚಕ್ಕುಬಂದಿ

ಬೆಂಗಳೂರಿನ ಬಸ್ಸಿಗೆ ಟಿಕೆಟ್ ಕಾಯ್ದಿರಿಸುವ ಜಾಲತಾಣವೊಂದು ಮೊನ್ನೆ ರಾತ್ರೋರಾತ್ರಿ ತನ್ನ ರೂಪವನ್ನು ಬದಲಿಸಿಕೊಂಡಿದೆ. ಹಣ ಕಟ್ಟುವ ಗುಂಡಿ ಮೊದಲಿಗಿಂತ ದೊಡ್ಡದಾಗಿ, ಕಣ್ಣು ಮುಚ್ಚಿಕೊಂಡರೂ ಕಾಣುವಷ್ಟು ಕೆಂಪಾಗಿ ಕುಳಿತಿದೆ. ಟಿಕೆಟ್ ರದ್ದುಪಡಿಸುವ ಗುಂಡಿ ಮಾತ್ರ ನಾಪತ್ತೆಯಾಗಿದೆ. ಮೇಲ್ಗಡೆ ‘ನಿಮಗಾಗಿ ಹೊಸ ನೋಟ’ ಎಂದು ಬರೆದಿದ್ದಾರೆ. ಹಳೆಯ ನೋಟದ ಬಗ್ಗೆ ಯಾರು ದೂರು ಕೊಟ್ಟಿದ್ದರೋ, ಆ ಪುಣ್ಯಾತ್ಮರನ್ನು ಒಮ್ಮೆ ನೋಡಬೇಕೆಂಬ ಆಸೆ ನನಗಿದೆ.

ನನ್ನ ಸಂಕಟವಾದರೂ ಸಹಿಸುವಂಥದ್ದು. ನಮ್ಮ ಧಾರವಾಡದ ಮಾಳಮಡ್ಡಿಯ ಓಣಿಯ ಕೊನೆಯ ಮನೆಯ ಕಾಕಾ ಅವರ ಸಂಕಟ ಬೇರೆಯೇ ತರಹದ್ದು. ಅವರು ಮೋಜಣಿದಾರರಾಗಿ ನಿವೃತ್ತರಾದವರು. ಹೊಲಗಳನ್ನು ಅಳೆಯುವುದು ನಿಂತರೂ ಅಳೆಯುವ ಚಟ ನಿಂತಿಲ್ಲವಾದ್ದರಿಂದ, ತಾವು ಬಳಸುವ ಪ್ರತಿಯೊಂದು ಜಾಲತಾಣದ ಪ್ರತಿಯೊಂದು ಗುಂಡಿಗೂ ಒಂದು ಉದ್ದನೆಯ ವಹಿಯಲ್ಲಿ ಚಕ್ಕುಬಂದಿ ಬರೆದಿಟ್ಟುಕೊಳ್ಳುತ್ತಾರೆ. ‘ರದ್ದು ಗುಂಡಿ: ಪೂರ್ವಕ್ಕೆ ಪರದೆಯ ಅಂಚು, ಪಶ್ಚಿಮಕ್ಕೆ ನನ್ನ ಹೆಸರು, ಉತ್ತರಕ್ಕೆ ಗಂಟೆಯ ಚಿತ್ರ, ದಕ್ಷಿಣಕ್ಕೆ ಸೀರೆಯ ಜಾಹೀರಾತು’ ಎಂದು ನೀಟಾದ ಅಕ್ಷರಗಳಲ್ಲಿ ದಾಖಲಾಗಿದೆ. ಸೀರೆಯ ಜಾಗದಲ್ಲಿ ಮರುದಿನ ಮಂಡಿನೋವಿನ ಎಣ್ಣೆ ಬಂದು ಕುಳಿತದ್ದನ್ನು ಕಂಡು, ‘ಸದರಿ ದಕ್ಷಿಣದ ಹದ್ದು ಅಸ್ಥಿರ’ ಎಂದು ಕೆಂಪು ಶಾಯಿಯಲ್ಲಿ ಷರಾ ಬರೆದಿದ್ದಾರೆ.

ಮಗಳ ಊರಿಗೆ ಹೋಗುವುದು ಮುಂದೆ ಬಿದ್ದಿದ್ದರಿಂದ ಟಿಕೆಟ್ ರದ್ದು ಮಾಡಲು ಕುಳಿತವರು ನನಗೆ ಫೋನ್ ಮಾಡಿದರು.

“ತಮ್ಮಾ, ನನ್ನ ಗುಂಡಿ ಎಲ್ಲಿ ಒಯ್ದರಪಾ?”

“ಬಲಗಡೆ ಮ್ಯಾಲ ಮೂರು ಅಡ್ಡಗೆರಿ ಅದಾವ ನೋಡ್ರಿ ಕಾಕಾ, ಅದನ್ನ ಒತ್ತರಿ.”

“ಮೂರು ಗೆರಿ ಇಲ್ಲೋ. ಮೂರು ಚುಕ್ಕಿ ಅದಾವ, ಅವೂ ಎಡಗಡೆ.”

ನಾನು ಗೆರೆ ಎಂದೆ, ಅವರು ಚುಕ್ಕಿ ಎಂದರು. ನಾನು ಬಲ ಎಂದೆ, ಅವರು ಎಡ ಎಂದರು. ಕನ್ನಡಕ ಹಾಕಿಕೊಂಡಿದ್ದೀರಾ ಎಂದು ನಾನು ಕೇಳಬಾರದಿತ್ತೇನೋ. ಇಡೀ ತಾಲೂಕನ್ನು ಸರಪಳಿ ಹಿಡಿದು ಅಳೆದವನಿಗೆ ಎಡಬಲ ಹೇಳಿಕೊಡುತ್ತೀಯಾ ಎಂದು ಅವರು ಗುಡುಗಿದರು. ಕೊನೆಗೆ ವಹಿಯನ್ನು ಕಂಕುಳಲ್ಲಿಟ್ಟುಕೊಂಡು ನಮ್ಮ ಮನೆಗೇ ಬಂದರು. ಅವರ ಫೋನನ್ನೂ ನನ್ನ ಫೋನನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ಅದೇ ತಾಣ, ಅದೇ ಗಳಿಗೆ, ಎರಡು ಬೇರೆ ಬೇರೆ ರೂಪಗಳು! ಕಾಕಾ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಒಂದ ಸರ್ವೆ ನಂಬರಿಗೆ ಎರಡು ನಕಾಶ ಮಾಡ್ಯಾರ. ನಮ್ಮ ಕಾಲದಾಗ ಆಗಿದ್ರ ಸಸ್ಪೆಂಡ್ ಮಾಡ್ತಿದ್ರು” ಎಂದರು.

ಇದು ತಪ್ಪಿನಿಂದಲ್ಲ, ಉದ್ದೇಶಪೂರ್ವಕವಾಗಿಯೇ ಮಾಡುವ ಕೆಲಸವೆಂದು ವಿವರಿಸಿದಾಗ ಅವರಿಗೆ ಇನ್ನಷ್ಟು ಸಿಟ್ಟು ಬಂತು. ದೊಡ್ಡ ತಾಣಗಳು ಬಳಕೆದಾರರನ್ನು ಗುಂಪುಗಳಾಗಿ ಒಡೆದು, ಒಂದು ಗುಂಪಿಗೆ ಒಂದು ರೂಪ, ಮತ್ತೊಂದಕ್ಕೆ ಮತ್ತೊಂದು ರೂಪ ತೋರಿಸಿ, ಯಾರು ಹೆಚ್ಚು ಒತ್ತುತ್ತಾರೆಂದು ಎಣಿಸುತ್ತವೆ. ಗೂಗಲ್ ಒಮ್ಮೆ ಹೀಗೆಯೇ 41 ಬಗೆಯ ನೀಲಿ ಬಣ್ಣಗಳನ್ನು ಪರೀಕ್ಷೆಗೆ ಹಚ್ಚಿತ್ತು. 2009ರಲ್ಲಿ ಕಂಪನಿಯನ್ನು ಬಿಟ್ಟ ವಿನ್ಯಾಸಕಾರ ಡಗ್ಲಸ್ ಬೌಮನ್ ತಮ್ಮ ಬೇಸರದ ಕಾರಣಗಳಲ್ಲಿ ಇದನ್ನೂ ಹೇಳಿಕೊಂಡಿದ್ದರು. ಹುಬ್ಬಳ್ಳಿಯ ಸೀರೆ ಅಂಗಡಿಯವರೂ ಬೇಕಾದರೆ ಅಷ್ಟು ನೀಲಿಗಳನ್ನು ಹರವಿ ಹಾಕಿಯಾರು, ಆದರೆ ಅಲ್ಲಿ ಆರಿಸುವವರು ನಾವು, ನಡುವೆ ಚಹಾ ಕೂಡ ಬರುತ್ತದೆ.

ಆ ಮೂರು ಗೆರೆಗಳ ಇತಿಹಾಸವನ್ನೂ ಕಾಕಾ ಕೇಳಿ ತಿಳಿದುಕೊಂಡರು. ನಾರ್ಮ್ ಕಾಕ್ಸ್ ಎಂಬವರು 1981ರಲ್ಲಿ ಜೆರಾಕ್ಸ್ ಕಂಪನಿಯ ‘ಸ್ಟಾರ್’ ಗಣಕಕ್ಕಾಗಿ ಅವನ್ನು ರಚಿಸಿದ್ದರು. ಬಹುಕಾಲ ಮೂಲೆಗುಂಪಾಗಿದ್ದ ಆ ಚಿತ್ರಕ್ಕೆ ಭಾಗ್ಯ ತೆರೆದದ್ದು ಸ್ಮಾರ್ಟ್‌ಫೋನ್ ಬಂದ ಮೇಲೆ. ಅಂಗೈಯಗಲದ ಪರದೆಯಲ್ಲಿ ಎಲ್ಲವನ್ನೂ ಹರಡಲಾಗದೆ, ಇದ್ದಬದ್ದದ್ದನ್ನೆಲ್ಲ ಆ ಗೆರೆಗಳ ಹಿಂದೆ ತುರುಕಿದರು. ಅದೇ ರೂಪವನ್ನು ಈಗ ದೊಡ್ಡ ಗಣಕದ ಪರದೆಗೂ ಹಿಗ್ಗಿಸಿ ಹೊದಿಸುತ್ತಿರುವುದರಿಂದ ಎರಡೂ ಬದಿಗೆ ಬಿಳಿಯ ಬಯಲು ಬಿದ್ದಿರುತ್ತದೆ. ಕಾಕಾ ತಮ್ಮ ವಹಿಯಲ್ಲಿ ಅದನ್ನು ‘ಖರಾಬು’ ಎಂದು ತೋರಿಸಿದ್ದಾರೆ. ಇಂಗ್ಲಿಷ್ ವಿಕಿಪೀಡಿಯಾ 2023ರ ಜನವರಿಯಲ್ಲಿ ಹೊಸ ರೂಪ ತಳೆದು ಸಾಲುಗಳ ಅಗಲವನ್ನು ಕಡಿಮೆ ಮಾಡಿದಾಗಲೂ ಓದುಗರು ಈ ಬಯಲಿನ ಬಗ್ಗೆಯೇ ಗೊಣಗಿದ್ದರು. ಪುಣ್ಯಕ್ಕೆ ಅಲ್ಲಿ ಅಗಲ ಹೆಚ್ಚಿಸಿಕೊಳ್ಳಲು ಒಂದು ಗುಂಡಿಯನ್ನಾದರೂ ಕೊಟ್ಟರು.

ಗೊಣಗಿ ಗೆದ್ದವರು ಕಡಿಮೆ. 2006ರಲ್ಲಿ ಫೇಸ್‌ಬುಕ್ ಗೆಳೆಯರು ಮಾಡಿದ್ದನ್ನೆಲ್ಲ ಒಂದೇ ಪುಟದಲ್ಲಿ ಬಿತ್ತರಿಸುವ ತನ್ನ ನ್ಯೂಸ್ ಫೀಡ್ ಆರಂಭಿಸಿದಾಗ ಲಕ್ಷಗಟ್ಟಲೆ ಜನ ವಿರೋಧದ ಗುಂಪುಗಳನ್ನು ಸೇರಿದರು, ಮತ್ತು ಆ ವಿರೋಧದ ಸುದ್ದಿ ಅಷ್ಟು ಬೇಗ ಹಬ್ಬಿದ್ದೇ ನ್ಯೂಸ್ ಫೀಡಿನ ದಯೆಯಿಂದ.

ಹಳೆಯದೆಲ್ಲ ಚೆನ್ನಾಗಿತ್ತೆಂದು ನಾನು ಹೇಳಲಾರೆ. ಸಪ್ತಾಪುರದ ಸೈಬರ್ ಕೆಫೆಯ ಪ್ಲೈವುಡ್ ಗೂಡಿನಲ್ಲಿ ಕುಳಿತು ಕನ್ನಡ ಪತ್ರಿಕೆಯ ತಾಣ ತೆರೆದರೆ, ಅವರದೇ ಫಾಂಟ್ ಇಳಿಸಿಕೊಳ್ಳದ ಹೊರತು ಅರ್ಥವಾಗದ ಚಿಹ್ನೆಗಳ ಸಾಲೇ ಕಾಣುತ್ತಿತ್ತು. ಎಲ್ಲ ಗಣಕಗಳಿಗೂ ಒಂದೇ ಆದ ಅಕ್ಷರ ಸಂಕೇತ ಯೂನಿಕೋಡ್ ಬಳಕೆಗೆ ಬಂದು ಆ ಪೀಡೆ ತೊಲಗಿತು, ಆ ಬದಲಾವಣೆಯನ್ನು ಯಾರೂ ಹಿಂದಕ್ಕೆ ಕೇಳುವುದಿಲ್ಲ. ಆದರೂ ಪುಟದ ತಳದಲ್ಲಿ ಭೇಟಿ ನೀಡಿದವರ ಸಂಖ್ಯೆ ತೋರಿಸುತ್ತಿದ್ದ ಆ ಪುಟ್ಟ ಎಣಿಕೆ ಯಂತ್ರ ಕೆಲವೊಮ್ಮೆ ನೆನಪಾಗುತ್ತದೆ. ನಾವು ಹೋದರೆ ಒಂದು ಅಂಕಿ ಏರುತ್ತಿತ್ತು. ಆಗ ಪುಟಕ್ಕೊಂದು ಕೊನೆಯೂ ಇತ್ತು. ಓದಿ ಮುಗಿಸಿ ಏಳಬಹುದಾಗಿತ್ತು. ಗೆಳೆಯರು ಸೇರುತ್ತಿದ್ದ ಜಾಲತಾಣ ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಮುಚ್ಚಿತು, ಅಲ್ಲಿ ಅವರು ನನಗೆ ಬರೆದ ‘ಸ್ಕ್ರ್ಯಾಪು’ ಎಂಬ ಚುಟುಕು ಸಂದೇಶಗಳಲ್ಲಿ ನಾನು ಉಳಿಸಿಕೊಂಡದ್ದು ಏನೂ ಇಲ್ಲ.

ಕಾಕಾ ಅವರಿಗೆ ಇಂಥ ವಿಷಾದಗಳಿಲ್ಲ, ಅವರಿಗೆ ಬೇಕಾದದ್ದು ಗುಂಡಿ. ಫುಲ್‌ಸ್ಕೇಪ್ ಹಾಳೆಯಲ್ಲಿ ತಕರಾರು ಅರ್ಜಿ ಬರೆದು, ಅದನ್ನು ಯಾರ ಹೆಸರಿಗೆ ಕಳಿಸಬೇಕೆಂದು ಕೇಳಿದರು. ತಾಣದಲ್ಲಿ ವಿಳಾಸವೂ ಇರಲಿಲ್ಲ, ದೂರವಾಣಿಯೂ ಇರಲಿಲ್ಲ. ಮೂಲೆಯಲ್ಲಿ ನಗುಮುಖದ ಯಂತ್ರವೊಂದು ‘ನಮಸ್ಕಾರ, ನಾನು ನಿಮಗೆ ಹೇಗೆ ಸಹಾಯ ಮಾಡಲಿ?’ ಎಂದು ಕೇಳುತ್ತಿತ್ತು. ಕಾಕಾ ಒಂದೊಂದೇ ಅಕ್ಷರ ಹುಡುಕಿ, ‘ನಮಸ್ಕಾರ್ರೀ, ಆರಾಮ ಇದ್ದೀರೇನು?’ ಎಂದು ಬರೆದರು. ‘ಕ್ಷಮಿಸಿ, ನನಗೆ ಅರ್ಥವಾಗಲಿಲ್ಲ. ಕೆಳಗಿನವುಗಳಲ್ಲಿ ಒಂದನ್ನು ಆಯ್ಕೆ ಮಾಡಿ’ ಎಂಬ ಉತ್ತರ ಬಂತು. ಆಯ್ಕೆಗಳಲ್ಲಿ ರದ್ದು ಇರಲಿಲ್ಲ.

“ಆರಾಮ ಇದ್ದೀರೇನು ಅಂದ್ರ ತಿಳೀಲಿಲ್ಲ ಅಂತಾನಲ್ಲೋ,” ಎಂದು ಕಾಕಾ ನನ್ನತ್ತ ತಿರುಗಿದರು, “ಯಾವ ಊರಾಂವಪಾ ಇಂವ?”