ಪರ-ವಿರೋಧ: ಅಮೆರಿಕ ಮೈಲಿ, ಇಂಚು ಬಿಟ್ಟು ಮೀಟರ್, ಕಿಲೋಗಳ ಮೆಟ್ರಿಕ್ ಅಳತೆಗೆ ಬರಬೇಕೇ?

ಪರ: ಅರ್ಧ ಇಂಚಿನ ಬೋಲ್ಟು

ನಮ್ಮ ಗ್ಯಾರೇಜಿನಲ್ಲಿ ಎರಡು ಸೆಟ್ ಸ್ಪ್ಯಾನರ್ ಇವೆ. ಕಾರಿಗೆ ಮಿಲಿಮೀಟರಿನದು, ಹುಲ್ಲು ಕತ್ತರಿಸುವ ಮೆಷಿನ್ನಿಗೆ ಇಂಚಿನದು. ಅಮೆರಿಕಕ್ಕೆ ಬಂದ ಹೊಸದರಲ್ಲಿ ಇದು ಗೊತ್ತಿರಲಿಲ್ಲ. ಮೆಷಿನ್ನಿನ ಚಕ್ರದ ಬೋಲ್ಟಿಗೆ 13 ಮಿಲಿಮೀಟರಿನ ಸ್ಪ್ಯಾನರ್ ಹಾಕಿದೆ. ಸರಿಯಾಗಿಯೇ ಕೂತಂತಿತ್ತು. ತಿರುಗಿಸಿದರೆ ಜಾರಿತು. ಇನ್ನೂ ಬಲ ಹಾಕಿದೆ. ಬೋಲ್ಟಿನ ಮೂಲೆಗಳೆಲ್ಲ ಸವೆದು ಗೋಲಿಯಂತಾಯಿತು, ನನ್ನ ಬೆರಳಿನ ಗೆಣ್ಣು ಸುಲಿಯಿತು. ಅದು ಅರ್ಧ ಇಂಚಂತೆ, ಅಂದರೆ 12.7 ಮಿಲಿಮೀಟರ್! ಇಷ್ಟಕ್ಕೆ ಒಂದು ಭಾನುವಾರ ಹಾಳು.

ನಾಸಾಗೆ ಹಾಳಾಗಿದ್ದು ಭಾನುವಾರವಲ್ಲ, ಒಂದು ನೌಕೆ. 1999ರಲ್ಲಿ ಮಂಗಳ ಗ್ರಹದತ್ತ ಹೊರಟಿದ್ದ ಮಾರ್ಸ್ ಕ್ಲೈಮೇಟ್ ಆರ್ಬಿಟರ್‌ಗೆ ಒಂದು ತಂಡ ಎಂಜಿನ್ನಿನ ತಳ್ಳುಬಲವನ್ನು ಪೌಂಡ್ ಲೆಕ್ಕದಲ್ಲಿ ಕೊಟ್ಟಿತು. ಇನ್ನೊಂದು ತಂಡ ಅದನ್ನು ಮೆಟ್ರಿಕ್‌ನ ಬಲದ ಅಳತೆಯಾದ ನ್ಯೂಟನ್ ಅಂದುಕೊಂಡಿತು. ಮಂಗಳ ಮುಟ್ಟುವ ಹೊತ್ತಿಗೆ ನೌಕೆ ಕಳೆದೇಹೋಯಿತು.

ತಮಾಷೆ ಏನು ಗೊತ್ತಾ? ಅಮೆರಿಕದಲ್ಲಿ ಮೆಟ್ರಿಕ್‌ಗೆ ಕಾನೂನಿನ ಒಪ್ಪಿಗೆ ಸಿಕ್ಕಿದ್ದು 1866ರಲ್ಲೇ. 1893ರಿಂದ ಗಜಕ್ಕೂ ಪೌಂಡಿಗೂ ಆಧಾರ ಮೀಟರ್, ಕಿಲೋಗ್ರಾಂಗಳೇ. 1975ರಲ್ಲಿ ಬದಲಾವಣೆಗೆಂದೇ ಕಾನೂನು ಬಂತು. ಆದರೆ ಕಡ್ಡಾಯ ಅಲ್ಲ, ಇಷ್ಟ ಇದ್ದವರು ಬದಲಾಗಿ ಎಂದರು. ಮಕ್ಕಳಿಗೆ ಹಾಗೆ ಹೇಳಿದರೆ ಹೋಮ್‌ವರ್ಕ್ ಮಾಡ್ತಾರಾ? ಬದಲಾವಣೆ ನೋಡಿಕೊಳ್ಳಲು ಇದ್ದ ಮೆಟ್ರಿಕ್ ಮಂಡಳಿಯನ್ನೂ 1982ರಲ್ಲಿ ಮುಚ್ಚಿದರು.

ಖರ್ಚು ಜಾಸ್ತಿ ಅಂತಾರೆ. ಚಂದ್ರನ ಮೇಲೆ ಮನುಷ್ಯನನ್ನು ಇಳಿಸಿದ ದೇಶಕ್ಕೆ ರಸ್ತೆಯ ಬೋರ್ಡ್ ಬರೆಸಲು ಕಾಸಿಲ್ಲವಂತೆ! ಭಾರತದಲ್ಲಿ 1956ರ ಅಳತೆ-ತೂಕದ ಕಾನೂನು ಬಂದ ಮೇಲೆ ಸೇರು, ಪಾವು ಬಿಟ್ಟು ಕಿಲೋ ಕಲಿತವರು ನಮ್ಮಜ್ಜಿ. ಓದಿದ್ದು ನಾಲ್ಕನೇ ಕ್ಲಾಸು.

ವಿರೋಧ: ಇರಲಿ ಬಿಡಿ

ಈ ಕಡೆ ಬರೆಯಲು ಯಾರೂ ಸಿಗಲಿಲ್ಲವಂತೆ, ನನ್ನ ಕೈಗೆ ಬಂತು. ಕೇಕ್ ಮಾಡುವಾಗ ನಾನೂ ಗ್ರಾಂ ಲೆಕ್ಕದಲ್ಲೇ ತೂಗುವವನು. ಆದರೂ ಪ್ರಯತ್ನಿಸುತ್ತೇನೆ.

ಎಲ್ಲರೂ ಆ ಮಂಗಳನ ನೌಕೆಯ ಕತೆ ಹೇಳ್ತಾರೆ. ಅದು ಇಬ್ಬರು ಮಾತಾಡಿಕೊಳ್ಳದ ತಪ್ಪು, ಪೌಂಡಿನ ತಪ್ಪಲ್ಲ. ಮುಂದಕ್ಕೆ ಹೋಗೋಣ.

ಅಮೆರಿಕದಲ್ಲಿ ಬೇಕಾದ ಕಡೆ ಮೆಟ್ರಿಕ್ ಬಂದಾಗಿದೆ. ಮಾತ್ರೆ ಮಿಲಿಗ್ರಾಂ. ಫ್ರಿಜ್ಜಿನಲ್ಲಿ ಹಾಲು ಗ್ಯಾಲನ್, ಪಕ್ಕದಲ್ಲೇ ಕೋಲಾ 2 ಲೀಟರ್. ಯಾರೂ ಜಗಳ ಆಡಿಲ್ಲ. 12 ಇಂಚನ್ನು ಮೂರು ಪಾಲು ಮಾಡಿ, ನಾಲ್ಕು ಪಾಲು ಮಾಡಿ, ಸಲೀಸು. 10ನ್ನು ಮೂರು ಪಾಲು ಮಾಡಿ ನೋಡೋಣ.

ಅರಿಜೋನಾದಲ್ಲಿ ಟೂಸಾನ್‌ನಿಂದ ನೊಗಾಲೆಸ್‌ಗೆ ಹೋಗುವ ಐ-19 ಹೆದ್ದಾರಿ ಇದೆ. ಅಲ್ಲಿ ಬೋರ್ಡುಗಳ ಮೇಲೆ ದೂರ ಕಿಲೋಮೀಟರಿನಲ್ಲಿದೆ, ಎಕ್ಸಿಟ್ ನಂಬರ್ ಕೂಡ ಅದೇ ಲೆಕ್ಕ. ಅದನ್ನು ಮೈಲಿಗೆ ಬದಲಿಸೋಣ ಎಂದಾಗ ತಕರಾರು ತೆಗೆದವರು ಅಲ್ಲಿನ ವ್ಯಾಪಾರಿಗಳೇ. ಅಂಗಡಿಗೆ ದಾರಿ ಹೇಳೋದೇ ಎಕ್ಸಿಟ್ ನಂಬರಿನಿಂದ, ಬದಲಿಸಿದರೆ ಗಿರಾಕಿ ತಪ್ಪಿಸಿಕೊಳ್ಳುತ್ತಾನೆ ಅಂತ. ಅವರಿಗೆ ಮೆಟ್ರಿಕ್ ಮೇಲೂ ಪ್ರೀತಿಯಿಲ್ಲ, ಮೈಲಿ ಮೇಲೂ ಇಲ್ಲ.

ನಮ್ಮ ಕತೆ ಏನು? ಬೆಂಗಳೂರಿನಲ್ಲಿ ಹೊರಗೆ ಬಿಸಿಲು 35, ಒಳಗೆ ಮಗುವಿಗೆ ಜ್ವರ 101. ಒಂದು ಸೆಲ್ಸಿಯಸ್, ಇನ್ನೊಂದು ಫ್ಯಾರನ್‌ಹೀಟ್. ಹೂವು ಮೊಳದಲ್ಲಿ, ಹೊಲ ಎಕರೆ-ಗುಂಟೆಯಲ್ಲಿ. ಮೊನ್ನೆ ಅಣ್ಣ ಫೋನ್ ಮಾಡಿದ್ದ, ಸೈಟ್ ತಗೊಂಡನಂತೆ, 30-40. ಚದರ ಮೀಟರಿನಲ್ಲಿ ಎಷ್ಟಾಯ್ತು ಅಂತ ಕೇಳಿದೆ.

"ತಲೆ ತಿನ್ಬೇಡ ಕಣೋ, ಗೃಹಪ್ರವೇಶಕ್ಕೆ ಬಾ" ಎಂದ.